ಗಡಿನಾಡ ಮಗುವಿನ ಉಕ್ತಲೇಖನ

ಮಹಾರಾಷ್ಟ್ರದ ಅಕ್ಕಲಕೋಟ, ಜತ್ತ ತಾಲ್ಲೂಕುಗಳ ಕನ್ನಡ ಶಾಲೆಗೆ ಬರುವ ಮಗುವಿಗೆ ಅಂಗಡಿಯ ಹಲಗೆ, ಬಸ್ಸಿನ ಫಲಕಗಳಿಂದ ದೇವನಾಗರಿ ಲಿಪಿ ಮೊದಲೇ ಕಣ್ಣಿಗೆ ಬಿದ್ದಿರುತ್ತದೆ. ಆ ರಾಜ್ಯದ 2020ರ ಕಾಯ್ದೆಯು ಎಲ್ಲ ಮಾಧ್ಯಮಗಳ ಶಾಲೆಗಳಲ್ಲೂ ಮರಾಠಿಯನ್ನು ಕಡ್ಡಾಯಗೊಳಿಸಿರುವುದರಿಂದ ಎಳೆಯ ವಯಸ್ಸಿನಲ್ಲೇ ಎರಡು ಲಿಪಿಗಳ ಕಲಿಕೆ ಜೊತೆಜೊತೆಗೆ ಸಾಗುತ್ತದೆ. ಇಂಥ ಮಗುವಿನ ಬರವಣಿಗೆಯನ್ನು ಉಕ್ತಲೇಖನದಿಂದ, ಅಂದರೆ ಗುರುಗಳು ಉಚ್ಚರಿಸಿದ ಪದಗಳನ್ನು ಕೇಳಿ ಬರೆಸುವ ಕ್ರಮದಿಂದ, ಅಳೆದು ತಪ್ಪುಗಳನ್ನು ಎಣಿಸಿ ಅಂಕ ಕೊಡುವ ರೂಢಿಯು ಮಗು ಎಷ್ಟು ತಪ್ಪಿದೆ ಎಂಬುದನ್ನು ತಿಳಿಸೀತೇ ಹೊರತು ಏಕೆ ತಪ್ಪಿದೆ ಎಂಬುದನ್ನಲ್ಲ.

ಕೇಳಿದ ಧ್ವನಿಗೆ ತನಗೆ ಗೊತ್ತಿರುವಷ್ಟೇ ಅಕ್ಷರಗಳನ್ನು ಹೊಂದಿಸಿ ಮಗು ತಾನಾಗಿ ಕಟ್ಟಿಕೊಳ್ಳುವ ರೂಪವನ್ನು ಸ್ವಕಲ್ಪಿತ ಕಾಗುಣಿತ ಎನ್ನಬಹುದು. ಇಂಗ್ಲಿಷ್ ಮಾತಾಡುವ ಮಕ್ಕಳ ಇಂಥ ಬರಹಗಳಲ್ಲಿ ಧ್ವನಿಗಳನ್ನು ಕುರಿತ ಒಂದು ಕ್ರಮಬದ್ಧ ತಿಳಿವಳಿಕೆ ಇರುವುದನ್ನು ಭಾಷಾವಿಜ್ಞಾನಿ ಚಾರ್ಲ್ಸ್ ರೀಡ್ 1971ರಲ್ಲೇ ತೋರಿಸಿದ್ದರು. ಗಡಿಯ ಎರಡೂ ಬದಿಯ ಮಕ್ಕಳು ಬಲ್ಲ ‘ಕುಸ್ತಿ’ ಎಂಬ ಪದವನ್ನೇ ಪರಿಶೀಲಿಸಬಹುದು. ‘ಕುತಿ’ ಎಂದು ಬರೆದ ಮಗುವಿನ ಬರಹದಲ್ಲಿ ಸಕಾರಕ್ಕೆ ಇನ್ನೂ ಸ್ಥಾನ ಸಿಕ್ಕಿಲ್ಲ; ‘ಕುಸತಿ’ ಎಂದು ಬರೆದ ಮಗು ವ್ಯಂಜನಗಳೆರಡನ್ನೂ ಬಿಡಿಸಿ ಕೇಳಿಸಿಕೊಂಡಿದ್ದು, ಅದಕ್ಕೆ ಒತ್ತಕ್ಷರವಷ್ಟೇ, ಅಂದರೆ ಒಂದು ವ್ಯಂಜನದ ಕೆಳಗೆ ಇನ್ನೊಂದನ್ನು ಬರೆಯುವ ವಿಧಾನವಷ್ಟೇ, ಕೈಹತ್ತಿಲ್ಲ. ‘ಕುಸಿತ’ ಎಂದು ಬರೆದ ಮಗುವಂತೂ ಮುದ್ರಿತ ರೂಪವನ್ನು ಗಮನವಿಟ್ಟು ನೋಡಿರುವ ಸಂಭವವೇ ಹೆಚ್ಚು, ಏಕೆಂದರೆ ಕನ್ನಡದಲ್ಲಿ ಇಕಾರದ ಗುಣಿತ ಚಿಹ್ನೆಯು ಉಚ್ಚಾರಣೆಯಲ್ಲಿ ಕೊನೆಗೆ ಬಂದರೂ ಬರಹದಲ್ಲಿ ಮೊದಲ ವ್ಯಂಜನವಾದ ಸಕಾರಕ್ಕೇ ಹತ್ತಿಕೊಳ್ಳುತ್ತದೆ. ಇನ್ನು ‘ಕುಸ್ತೀ’ ಎಂಬ ರೂಪದಲ್ಲಿ ಕಾಣುವುದು ಮರಾಠಿಯ ನಿಯಮ. ಆ ಭಾಷೆಯ ಬರಹದಲ್ಲಿ ಪದಾಂತ್ಯದ ಇಕಾರ, ಉಕಾರಗಳು ಸಾಮಾನ್ಯವಾಗಿ ದೀರ್ಘವಾಗಿರುತ್ತವೆ. ನಾಲ್ಕಕ್ಕೂ ಒಂದೇ ಕೆಂಪು ಗೆರೆ ಎಳೆಯುವುದು ಮೌಲ್ಯಮಾಪನವೆನಿಸಲಾರದು.

ಹ್ರಸ್ವ ಎಕಾರ, ಒಕಾರಗಳಿಗೆ ಮರಾಠಿ ಬರಹದಲ್ಲಿ ಪ್ರತ್ಯೇಕ ಚಿಹ್ನೆಗಳಿಲ್ಲದಿರುವುದರಿಂದ ‘ಕೊಡು’ ಎಂಬುದು ‘ಕೋಡು’ ಆಗುವ ತಪ್ಪನ್ನೂ ಇದೇ ಬಗೆಯಲ್ಲಿ ಪರಿಶೀಲಿಸಬೇಕು. ಅದನ್ನು ಮಗುವಿನ ಕಿವಿಯ ದೋಷವೆಂದು ಭಾವಿಸುವ ಮೊದಲು ಎರಡೂ ಪದಗಳನ್ನು ಉಚ್ಚರಿಸಿ ಅರ್ಥಭೇದ ಕೇಳಿದರೆ ಸಾಕು. ‘ಮನೆ’, ‘ಶಾಲೆ’ಗಳ ಬದಲು ‘ಮನಿ’, ‘ಶಾಲಿ’ ಎಂದು ಬರೆಯುವುದಕ್ಕೆ ಮಾತ್ರ ಮರಾಠಿಯನ್ನು ದೂರುವಂತಿಲ್ಲ. ಅದು ಉತ್ತರ ಕರ್ನಾಟಕದ ಕನ್ನಡದ ಆಡುರೂಪ; ವಿಜಯಪುರ, ಕಲಬುರಗಿಯ ಮಕ್ಕಳೂ ಹಾಗೆಯೇ ಬರೆಯುತ್ತಾರೆ.

ಗುಣಿತಾಕ್ಷರಗಳೇ ನಾನೂರಕ್ಕೆ ಮಿಕ್ಕಿರುವ ಕನ್ನಡದಲ್ಲಿ ಅಕ್ಷರಜ್ಞಾನ ಪೂರ್ಣಗೊಳ್ಳಲು ಹಲವು ವರ್ಷಗಳೇ ಹಿಡಿಯುತ್ತವೆಂಬುದನ್ನು ಸಂಶೋಧಕಿ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಆದುದರಿಂದ ಅಂಕಪಟ್ಟಿಗಿಂತ ಮಗು ತಾನೇ ಬರೆದ ಹಾಳೆಗಳನ್ನು ದಿನಾಂಕ ಹಾಕಿ ಕೂಡಿಡುವುದು, ಬರೆದದ್ದನ್ನು ಅದರ ಬಾಯಿಂದಲೇ ಓದಿಸುವುದು, ಅದೇ ಪದಗಳನ್ನು ಕೆಲವು ತಿಂಗಳ ಬಳಿಕ ಮತ್ತೆ ಬರೆಸಿ ಹೋಲಿಸುವುದು ಹೆಚ್ಚು ಉಪಯುಕ್ತ. ಗಡಿಭಾಗದ ಗುರುಗಳು ತಿದ್ದಿದ ಪ್ರತಿ ತಪ್ಪಿನ ಪಕ್ಕದಲ್ಲಿ ಅದು ಆಡುಮಾತಿನದೋ, ಮರಾಠಿ ಬರಹದ್ದೋ, ಇನ್ನೂ ಕಲಿಯದ ಅಕ್ಷರದ್ದೋ ಎಂದು ಒಂದು ಪದದಲ್ಲಿ ಗುರುತು ಹಾಕಲಿ. ಮರುದಿನ ಏನನ್ನು ಕಲಿಸಬೇಕೆಂಬುದು ಆ ಗುರುತಿನಿಂದಲೇ ತಿಳಿಯುತ್ತದೆ.