ಉದಕಮಂಡಲದ ಹೊಸ ಮನೆಯೂ ಉಣ್ಣೆಯ ಹೆಣಿಗೆಯೂ

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರಗಳ ಮಾರ್ಗವಾಗಿ ಹೋದರೆ ಉದಕಮಂಡಲವು ಸುಮಾರು 125 ಕಿಲೋಮೀಟರು ದೂರದಲ್ಲಿದೆ. ಬೇಸಗೆಯಲ್ಲಿ ಬಂದು, ಹೂದೋಟವನ್ನೂ ಕೆರೆಯನ್ನೂ ನೋಡಿ, ಎರಡೇ ದಿನಗಳಲ್ಲಿ ಇಳಿದುಹೋಗುವ ಪ್ರವಾಸಿಗಳು ಅನೇಕರು. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಒಲೆ ಹೂಡಿ ಸಂಸಾರ ನಡೆಸತಕ್ಕವರಿಗೆ ಕಾಣುವ ಊರು ಬೇರೆಯೇ ಆಗಿರುತ್ತದೆ. ಕಳೆದ ಕಾರ್ತಿಕದಲ್ಲಿ ನಾವು ಇಲ್ಲಿಗೆ ಬಂದು ನೆಲೆಸಿದೆವಾದುದರಿಂದ ಆ ವಿಷಯವಾಗಿ ನಾಲ್ಕು ಮಾತು ಬರೆಯುತ್ತೇನೆ.

ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿರುವ ಈ ಊರಿನಲ್ಲಿ ಚಳಿಯು ಮೊದಲು ಹೊಗುವುದು ಅಡುಗೆಯ ಮನೆಯನ್ನು. ಕೊಬ್ಬರಿ ಎಣ್ಣೆಯು ಸೀಸೆಯಲ್ಲಿಯೇ ಗಟ್ಟಿಯಾಗುವುದು. ನೀರು 93 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ಬೇಳೆ ಬೇಯುವುದು ತಡ. ಹೆಪ್ಪು ಹಾಕಿದ ಹಾಲು ಬೆಳಗಾದರೂ ಹಾಲಾಗಿಯೇ ಇರುವುದು. ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ತಣ್ಣನೆಯ ವಾಯುವು ಭಾರವಾಗಿ ತಗ್ಗಿಗೆ ಇಳಿಯುತ್ತದೆ. ತಲೈಕುಂದದಂತಹ ಸ್ಥಳಗಳಲ್ಲಿ ಬೆಳಗಿನ ಜಾವ ಹುಲ್ಲು ಬೆಳ್ಳಗಾಗುವುದು ಇದರಿಂದಲೇ. ಮನೆ ಹುಡುಕುವವರು ತಗ್ಗನ್ನು ಬಿಟ್ಟು, ಮುಂಜಾನೆಯ ಬಿಸಿಲು ಬೀಳುವ ಇಳಿಜಾರನ್ನು ಆರಿಸುವುದು ಮೇಲು.

ನಮ್ಮ ಅತ್ತೆಯವರು ಶ್ರೀರಂಗಪಟ್ಟಣದ ಕಡೆಯವರು. ನಲವತ್ತು ವರ್ಷ ಬಾಳಿದ ಬೀದಿಯನ್ನು ಬಿಟ್ಟು ಬಂದ ಅವರು ಮೊದಲ ಎರಡು ವಾರ ಕಿಟಕಿಯ ಬಳಿ ಕುಳಿತವರು ಮಾತನ್ನೇ ಮರೆತಂತಿದ್ದರು. ಒಂದು ದಿನ ತಾವಾಗಿಯೇ ಹೆಣಿಗೆಯ ಕಡ್ಡಿಗಳನ್ನು ಕೇಳಿ, ಮೊಸರಿನ ಪಾತ್ರೆಗೆ ಒಂದು ಉಣ್ಣೆಯ ಕವಚವನ್ನು ಹೆಣೆದರು. ಉಣ್ಣೆಯು ಶಾಖವನ್ನು ಕೊಡತಕ್ಕದ್ದಲ್ಲ. ತನ್ನ ಎಳೆಗಳ ನಡುವೆ ವಾಯುವನ್ನು ಹಿಡಿದು, ಇದ್ದ ಶಾಖವನ್ನು ಕಾಪಾಡತಕ್ಕದ್ದು. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ ಕವಚ ತೊಡಿಸಿದ ಮರುದಿನ ಮೊಸರು ಕಟ್ಟಿತ್ತು.

ಅದರ ಮೇಲೆ ಕಡ್ಡಿಗಳು ಕೆಳಗಿಳಿಯಲಿಲ್ಲ. ಈ ಊರಿನಲ್ಲಿ ಚಳಿಗಾಲವೇ ಹಬ್ಬಗಳ ಕಾಲ. ಬಡಗರ ಹೆತ್ತೆ ಹಬ್ಬ, ಕ್ರೈಸ್ತರ ಕ್ರಿಸ್‌ಮಸ್, ನಮ್ಮ ಸಂಕ್ರಾಂತಿ, ಎಲ್ಲವೂ ಕೆಲವೇ ವಾರಗಳೊಳಗೆ ಬರುವುವು. ನೆರೆಯವರಿಗೆ ಉಡುಗೊರೆ ಹೆಣೆಯಬೇಕೆಂದು ನಿಶ್ಚಯವಾಯಿತು. ಆದರೆ ಅಂಗಡಿಯ ಉಡುಗೊರೆಯಂತೆ ಇದನ್ನು ಕಣ್ಣಳತೆಯಿಂದ ಕೊಡುವುದು ಕಷ್ಟ. ಕುಲಾವಿಗೆ ತಲೆಯ ಸುತ್ತಳತೆ ಬೇಕು, ಕೈಚೀಲಕ್ಕೆ ಅಂಗೈಯ ಅಳತೆ ಬೇಕು. ಅಳತೆಗಾಗಿ ಮನೆಯ ಹೊಸ್ತಿಲು ದಾಟಲೇಬೇಕು.

ಪಕ್ಕದ ಮನೆಯ ಬಡಗರ ಅಜ್ಜಿಯ ಹೆಗಲಿನ ಅಳತೆಯನ್ನು ಅತ್ತೆಯವರು ಗೇಣಿನಿಂದ ತೆಗೆದರು. ಬಡಗರ ನುಡಿಯು ಕನ್ನಡಕ್ಕೆ ಬಹು ಸಮೀಪದ್ದು. ಅವರಲ್ಲಿ ಊರಿಗೆ ಹಟ್ಟಿಯೆಂದೂ ಅಜ್ಜಿಗೆ ಹೆತ್ತೆಯೆಂದೂ ಹೆಸರು. ಇಬ್ಬರು ವೃದ್ಧೆಯರೂ ತಮ್ಮ ತಮ್ಮ ನುಡಿಯಲ್ಲಿಯೇ ಆಡಿ, ಮುಕ್ಕಾಲು ಪಾಲು ಅರ್ಥಮಾಡಿಕೊಂಡು, ಉಳಿದುದಕ್ಕೆ ನಕ್ಕರು. ಅತ್ತೆಯವರು ಇಲ್ಲಿಗೆ ಬಂದ ಮೇಲೆ ನಕ್ಕುದು ಅದೇ ಮೊದಲು.

ಕೆಳಮನೆಯ ಕ್ರೈಸ್ತರ ಮಗುವಿಗೆ ಕುಲಾವಿ. ಹೆಣೆಯುವ ಸೋದರಿಯರಿಗಾಗಿ ಲೆಕ್ಕವನ್ನೂ ಬರೆಯುತ್ತೇನೆ. ಮೊದಲು ನಾಲ್ಕು ಅಂಗುಲದ ತುಂಡೊಂದನ್ನು ಹೆಣೆದು, ಅಂಗುಲಕ್ಕೆ ಎಷ್ಟು ಕುಣಿಕೆಗಳೆಂದು ಎಣಿಸಬೇಕು. ತಲೆಯ ಸುತ್ತಳತೆ 20 ಅಂಗುಲವಿದ್ದರೆ, ಉಣ್ಣೆ ಹಿಗ್ಗುವುದರಿಂದ 18 ಅಂಗುಲಕ್ಕೆ ಹೆಣೆಯಬೇಕು. ಅಂಗುಲಕ್ಕೆ 5ರಂತೆ 90 ಕುಣಿಕೆಗಳಾದುವು. ಒಗೆಯುವಾಗ ಬಿಸಿನೀರೂ ಉಜ್ಜುವುದೂ ಕೂಡದು. ಉಣ್ಣೆ ಕುಗ್ಗಿ ಕಂಬಳಿಯಂತಾಗುವುದು.

ಆ ಮನೆಯವರು ಕ್ರಿಸ್‌ಮಸ್ಸಿನಂದು ನಮ್ಮನ್ನು 1831ರಲ್ಲಿ ತೆರೆದ ಸೇಂಟ್ ಸ್ಟೀಫನ್ ದೇವಾಲಯವನ್ನು ನೋಡಲು ಕರೆದೊಯ್ದರು. ಅದರ ತೊಲೆಗಳು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯಿಂದ ಬಂದುವೆಂದು ಪ್ರಸಿದ್ಧಿ. ಅತ್ತೆಯವರು ಬಹಳ ಹೊತ್ತು ತಲೆಯೆತ್ತಿ ನೋಡಿ, “ನಮ್ಮೂರಿನ ಮರ. ಇಲ್ಲಿಯೂ ಭಾರ ಹೊತ್ತುಕೊಂಡಿದೆ” ಎಂದರು.

ಸಂಕ್ರಾಂತಿಯ ದಿನ ಎಳ್ಳುಬೆಲ್ಲದೊಡನೆ ಏಳು ಮನೆಗಳಿಗೆ ಹೆಣಿಗೆಯ ಉಡುಗೊರೆಗಳು ಹೋದುವು. ಚಳಿ ಇನ್ನೂ ಹಾಗೆಯೇ ಇದೆ. ಆದರೆ ಈಗ ಸಂಜೆಯ ಹೊತ್ತಿಗೆ ಕದ ತಟ್ಟುವವರಿದ್ದಾರೆ. ಅತ್ತೆಯವರು ಊರಿಗೆ ಬರೆಸುವ ಕಾಗದಗಳಲ್ಲಿ “ಅವರ ಮನೆ” ಎಂಬುದು ಹೋಗಿ “ನಮ್ಮ ಮನೆ” ಎಂದಾಗಿದೆ. ಚಳಿಯ ನಾಡಿಗೆ ಹೊಸದಾಗಿ ಸಂಸಾರ ಸಾಗಿಸುವವರು ಪಾತ್ರೆ ಪದಾರ್ಥಗಳ ಜೊತೆಗೆ ಒಂದು ಜೊತೆ ಹೆಣಿಗೆಯ ಕಡ್ಡಿಗಳನ್ನೂ ಮರೆಯದೆ ತರುವುದು ಒಳ್ಳೆಯದು.