ಸೀಸೆಯ ಬಾಳೆಯ ಹೊಸ ಎಲೆ

ಗಂಗಾವಳಿ ನದಿಯ ದಂಡೆಯಲ್ಲಿ, ಅಂಕೋಲೆಯ ಕಡೆಯ ತೋಟವೊಂದರಲ್ಲಿ, ವೃದ್ಧ ಕೃಷಿಕರೊಬ್ಬರು ತಮ್ಮ ಬಾಳೆಸಸಿಗಳ ಮುಂದೆ ಮಾತಿಲ್ಲದೆ ನಿಂತಿದ್ದರು. ಪ್ರಯೋಗಾಲಯದ ಸೀಸೆಯಿಂದ ಹೊರಬಂದು ಕೆಲವೇ ದಿನಗಳಾಗಿದ್ದ ಅಂಗಾಂಶ ಕೃಷಿಯ ಸಸಿಗಳನ್ನು, ಅಗ್ಗಕ್ಕೆ ದೊರೆತವೆಂದು ತಂದು ಮಾರ್ಚ್ ತಿಂಗಳ ಬಿಸಿಲಿನಲ್ಲಿ ನೆಟ್ಟಿದ್ದರು. ಬುಡದ ಮಣ್ಣು ಒದ್ದೆಯಾಗಿಯೇ ಇತ್ತು. ಎಲೆಗಳು ಮಾತ್ರ ಸುಟ್ಟಂತೆ ಒಣಗಿದ್ದವು.

"ಔಷಧ ಹೊಡೆಯೋಣವೇ, ಅಪ್ಪಾ?" ಎಂದು ಮಗ ಕೇಳಿದನು.

ರೋಗವಿದ್ದರಲ್ಲವೇ ಔಷಧ! ಕಾರಣವು ಎಲೆಯ ರಚನೆಯಲ್ಲಿಯೇ ಇದ್ದಿತು. ಸೀಸೆಯೊಳಗಿನ ಗಾಳಿ ಸದಾ ನೀರಾವಿಯಿಂದ ತುಂಬಿರುವುದು, ಬೆಳಕು ಮಂದ, ಉಷ್ಣತೆ ಸುಮಾರು 25 ಡಿಗ್ರಿ. ಆಹಾರವೂ ಸಿದ್ಧವಾಗಿಯೇ ದೊರೆಯುವುದು: 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ರೂಪಿಸಿದ ಲವಣಮಿಶ್ರಣಕ್ಕೆ ಸಕ್ಕರೆ ಬೆರೆಸಿದ ಮಾಧ್ಯಮವೇ ಇಂದಿಗೂ ಬಹಳ ಕಡೆ ಬಳಕೆಯಲ್ಲಿದೆ. ಇಂತಹ ಸುಖದಲ್ಲಿ ಬೆಳೆದ ಎಲೆಗೆ ಮೇಣದ ಹೊದಿಕೆ ತೀರ ತೆಳು. ಪತ್ರರಂಧ್ರಗಳು ತೆರೆದೇ ಇರುವುವು. ಒಣಗಾಳಿ ಸೋಕಿದಾಗ ಮುಚ್ಚಿಕೊಳ್ಳುವ ಅಭ್ಯಾಸವೇ ಅವುಗಳಿಗಿಲ್ಲ. ಒಳಗೆ ಸ್ತಂಭಕೋಶಗಳ ಪದರ ಅಪೂರ್ಣ, ಪೊಳ್ಳು ಜಾಗವೇ ಹೆಚ್ಚು. ಬೇರು ಎಳೆದ ನೀರಿಗಿಂತ ಎಲೆ ಕಳೆದುಕೊಳ್ಳುವ ನೀರೇ ಹೆಚ್ಚಾದರೆ ಬುಡದ ತೇವದಿಂದ ಏನು ಪ್ರಯೋಜನ?

ಕಾರವಾರದಂತಹ ಊರಿನಲ್ಲಿ ಈ ಭಯವಿಲ್ಲವೆಂದು ಯಾರಿಗಾದರೂ ತೋರಬಹುದು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಕಡಲ ಗಾಳಿಯಿಂದ ಬಟ್ಟೆಯೇ ಬೇಗ ಆರದ ನಾಡು ಅದು. ಆದರೆ ಸೀಸೆಗೆ ಹೋಲಿಸಿದರೆ ಕಡಲತೀರವೂ ಒಣನೆಲವೇ.

ಆದುದರಿಂದಲೇ ಸಸಿಗಳನ್ನು ಮೊದಲು ತುಂತುರು ಸಿಂಪಡಿಸುವ ಮನೆಯಲ್ಲಿಯೂ, ಅನಂತರ ನೆರಳುಬಲೆಯ ಕೆಳಗೂ ಒಟ್ಟು ಸುಮಾರು ಎರಡು ತಿಂಗಳು ಹದಗೊಳಿಸುವರು. ಇಲ್ಲಿ ಒಂದು ವಿಶೇಷ ಉಂಟು. ಸೀಸೆಯಲ್ಲಿ ಬೆಳೆದ ಹಳೆಯ ಎಲೆ ಹೊರಗೆ ಬಂದ ಮೇಲೆ ಹೆಚ್ಚೇನೂ ತಿದ್ದಿಕೊಳ್ಳದು. ಬಹುಮಟ್ಟಿಗೆ ಅದು ಬಾಡಿಯೇ ಹೋಗುವುದು. ಹೊರಗಿನ ಬೆಳಕಿನಲ್ಲಿ ಸುಳಿಯೊಳಗೆ ರೂಪುಗೊಂಡ ಹೊಸ ಎಲೆಗೇ ದಪ್ಪ ಮೇಣ, ಮುಚ್ಚಬಲ್ಲ ರಂಧ್ರ, ಒತ್ತಾದ ಸ್ತಂಭಕೋಶಗಳು ಬರುವುವು. ಹಳೆಯ ಎಲೆಯ ಕೆಲಸವೆಂದರೆ ಅಲ್ಲಿಯವರೆಗೆ ಜೀವ ಹಿಡಿದಿಡುವುದು.

2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಅಂಕೋಲೆಯ ಕರಿ ಇಶಾಡ ಮಾವಿಗೆ ಈ ಕಷ್ಟವಿಲ್ಲ. ಮಾವು ಸೀಸೆಗೆ ಸುಲಭವಾಗಿ ಒಗ್ಗುವ ಗಿಡವಲ್ಲ, ಕಸಿಯೇ ಅದರ ದಾರಿ.

ಆ ವೃದ್ಧರು ಸಸಿಗಳನ್ನು ಕಿತ್ತೆಸೆಯಲಿಲ್ಲ. ಪ್ರತಿಯೊಂದರ ಸುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಗಟ್ಟಿಯಾಗಿದ್ದವುಗಳ ಮೇಲೆ ಹೆಣೆದ ತೆಂಗಿನ ಮಡಲನ್ನು ಮರೆಮಾಡಿ, ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿದರು. ಎರಡನೆಯ ವಾರ ಒಂದರ ನಡುವಿನಿಂದ ಸುರುಳಿಯಾದ ಹಸಿರು ಎಲೆಯೊಂದು ಮೇಲೆದ್ದಿತು. ಮಗನು ಮಡಲನ್ನು ತೆಗೆಯಲು ಹೋದಾಗ ಅವರು, "ಇಂದು ಒಂದು ಗರಿಯಷ್ಟು ಸರಿಸು, ಸಾಕು" ಎಂದರು.