ಬೀಸಣಿಗೆಯ ಸೇವೆ

ರಾಮಥಾಳದ ಬಿಸಿಲನ್ನು ಬಲ್ಲವರಿಗೆ ಬೀಸಣಿಗೆಯ ಬೆಲೆಯನ್ನು ನಾವು ಹೇಳಬೇಕಾದುದಿಲ್ಲ. ಅದು ದೇವಾರಾಧನೆಯಲ್ಲಿಯೂ ಸ್ಥಾನ ಪಡೆದಿತ್ತೆಂಬುದನ್ನು ಅನೇಕರು ಅರಿಯರು. ಸುಮಾರು ಕ್ರಿ.ಶ. 380ರ ‘ಅಪೊಸ್ತಲರ ವಿಧಿಗಳು’ ಎಂಬ ಗ್ರಂಥವು, ಕರ್ತನ ಭೋಜನದ ಪಾತ್ರೆಗಳ ಬಳಿಗೆ ನೊಣಗಳು ಬಾರದಂತೆ ಇಬ್ಬರು ಸಭಾಸೇವಕರು ತೆಳುತೊಗಲು, ನವಿಲುಗರಿ ಇಲ್ಲವೆ ನಾರುಮಡಿಯ ಬೀಸಣಿಗೆಗಳನ್ನು ಮೆಲ್ಲನೆ ಬೀಸಬೇಕೆಂದು ವಿಧಿಸಿತು. ಕಾಲಾನಂತರ ರೋಮಿನಲ್ಲಿ ಅದು ಪೋಪರ ಮೆರವಣಿಗೆಯ ವೈಭವವಾಯಿತು. ಸುರಿಯಾನಿ ಸಭೆಗಳಲ್ಲಿ ಗೆಜ್ಜೆಯುಳ್ಳ ಲೋಹಚಕ್ರವಾಗಿ ಇಂದಿಗೂ ನಿನದಿಸುತ್ತಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಸರಳ ಆರಾಧನಾಕ್ರಮದಲ್ಲಿ ಅದಕ್ಕೆ ಎಡೆಯಿರಲಿಲ್ಲ.

ಆ ಬೀಸಣಿಗೆ ಪುರುಷರ ಕೈಯಲ್ಲಿದ್ದಿತು. ರೋಗಿಯ ಮಗ್ಗುಲಲ್ಲಿ ಇರುಳೆಲ್ಲ ಕುಳಿತು ಬೀಸಿದ ಕೈಗಳಾದರೋ ನಮ್ಮ ತಾಯಂದಿರವು, ಅಕ್ಕಂದಿರವು. ಅದೂ ಸೇವೆಯೇ. ಪಾಲಕರೇ, ಹೆಣ್ಣುಮಕ್ಕಳ ಆ ದುಡಿಮೆಯನ್ನು ಕೀಳೆಂದೆಣಿಸದಿರಿ. ಅದನ್ನೇ ನೆವಮಾಡಿ ಅವರನ್ನು ಪಾಠಶಾಲೆಯಿಂದ ಬಿಡಿಸಲೂ ಬೇಡಿರೆಂದು ನಾವು ಬೇಡಿಕೊಳ್ಳುತ್ತೇವೆ.